ಗುರಿ ತಪ್ಪಿದ ಗುಂಡುಗಳ ಕಥೆಗಾರ ಕೆನೆತ್ ಆಂಡರ್ಸನ್

ಮಗನಿಗೋ ಮಗಳಿಗೋ ಮೊದಲ ಏರ್ ರೈಫಲ್ ಕೊಡಿಸಬೇಕು, ಯಾವುದು ಒಳ್ಳೆಯದು? 2008ರ ಬೀಜಿಂಗ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಮೇಲೆ ನಮ್ಮ ಮಧ್ಯಮವರ್ಗದ ಮನೆಗಳಿಗೂ ಬಂದ ಪ್ರಶ್ನೆಯಿದು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ಪಾಲಕರೂ ಇದಕ್ಕೆ ಹೊರತಲ್ಲ. ಉತ್ತರ ಸಾಮಾನ್ಯವಾಗಿ ವೇಗದ ಲೆಕ್ಕದಲ್ಲಿ ಬರುತ್ತದೆ, ಇಲ್ಲವೇ ಬೆಲೆಯ ಲೆಕ್ಕದಲ್ಲಿ. ಬೇರೆಯದೇ ಲೆಕ್ಕದಲ್ಲಿ ಉತ್ತರ ಹೇಳಬಲ್ಲವರೊಬ್ಬರು ಇದೇ ಊರಿನಲ್ಲಿ ಬಾಳಿ, 1974ರಲ್ಲಿ ಇಲ್ಲಿಯೇ ಮಣ್ಣಾದರು. ಅವರ ಹೆಸರು ಕೆನೆತ್ ಡಗ್ಲಸ್ ಸ್ಟುವರ್ಟ್ ಆಂಡರ್ಸನ್.

ಆಂಡರ್ಸನ್ ಕಾಗದದ ಗುರಿಗೆ ಹೊಡೆದು ಪದಕ ಗೆದ್ದವರಲ್ಲ. ನರಭಕ್ಷಕ ಹುಲಿ, ಚಿರತೆಗಳ ಬೆನ್ನು ಹತ್ತಿ ಹೋದ ಬೇಟೆಗಾರರು, ಬಳಿಕ ಆ ಅನುಭವವನ್ನು ಪುಸ್ತಕವಾಗಿಸಿದ ಲೇಖಕರು. ಆದರೆ ಅವರ ಪುಸ್ತಕಗಳನ್ನು ಸಾಹಸಕ್ಕಾಗಿ ಮಾತ್ರ ಓದಿದವರು ಒಂದು ಸಂಗತಿಯನ್ನು ಗಮನಿಸದೆ ಬಿಟ್ಟಿರುವ ಸಾಧ್ಯತೆಯಿದೆ. ಆ ಪುಟಗಳಲ್ಲಿ ಸರಿಯಾಗಿ ತಗುಲಿದ ಗುಂಡುಗಳಿಗಿಂತ ತಪ್ಪಾಗಿ ತಗುಲಿದ ಗುಂಡುಗಳೇ ಹೆಚ್ಚು ಪರಿಣಾಮಕಾರಿ. ಯಾರೋ ಒಬ್ಬ, ತನಗೆ ತಕ್ಕುದಲ್ಲದ ಬಂದೂಕಿನಿಂದ, ತನಗೆ ನಿಲುಕದ ದೂರದಿಂದ, ಅವಸರದಲ್ಲಿ ಹಾರಿಸಿದ ಒಂದು ಗುಂಡು. ಅದರ ಬೆಲೆ ತೆತ್ತವರು ಮಾತ್ರ ಬೇರೆಯವರು.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದಿನ ಬಳಿಯ ಬೊಲಾರಂನಲ್ಲಿ. ಹಲವು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿದ್ದ ಸ್ಕಾಟಿಷ್ ಮೂಲದ ಕುಟುಂಬ ಅದು. ತಂದೆ ಡಗ್ಲಸ್ ಸ್ಟುವರ್ಟ್ ಆಂಡರ್ಸನ್ ಸೈನಿಕರ ಸಂಬಳದ ಲೆಕ್ಕ ನೋಡುವ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಕಾಡು ಮತ್ತು ಬೇಟೆಯ ಒಲವು ಮಗನಿಗೆ ಬಂದದ್ದು ಅವರಿಂದಲೇ. ಬಾಲಕನ ಓದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ಅನಂತರ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ನಡೆಯಿತು. ಕಾನೂನು ಓದಲೆಂದು ಎಡಿನ್‌ಬರೋಗೆ ಕಳುಹಿಸಿದರೆ ಯುವಕ ಅರ್ಧದಲ್ಲೇ ಬಿಟ್ಟು ಹಿಂತಿರುಗಿದ. ಪೂರ್ವಿಕರ ನಾಡು ಅವನ ಪಾಲಿಗೆ ಪರದೇಶವಾಗಿತ್ತು ಎಂದು ಊಹಿಸುವುದು ತಪ್ಪಾಗಲಾರದು.

ಮುಂದೆ ಸುಮಾರು 15 ವರ್ಷ ಅಂಚೆ ಮತ್ತು ತಂತಿ ಇಲಾಖೆಯ ನೌಕರಿ; ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ಹೊಣೆ. ಅಂದರೆ ಅವರು ರಾಜಮನೆತನದ ಶಿಕಾರಿಯಲ್ಲ, ಆನೆಗಳ ಸಾಲು ಕಟ್ಟಿಕೊಂಡು ಹೊರಟ ವೈಸ್‌ರಾಯ್ ಅತಿಥಿಯೂ ಅಲ್ಲ. ರಜೆ ಹಾಕಿ, ತನ್ನದೇ ಸ್ಟುಡಿಬೇಕರ್ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಹೊರಡುತ್ತಿದ್ದ ಸಂಬಳದಾರ. ಕಬ್ಬನ್ ಪಾರ್ಕಿಗೆ ತಾಗಿದ, ಇಂದು ಕಸ್ತೂರಬಾ ರಸ್ತೆ ಎನಿಸಿಕೊಂಡಿರುವ ದಾರಿಯಲ್ಲಿ ಅವರ ಮನೆಯಿತ್ತು.

ಅಲ್ಲಿಂದ ಕಾರು ಬಹಳ ಸಲ ದಕ್ಷಿಣಕ್ಕೇ ತಿರುಗುತ್ತಿತ್ತು. ಇಂದಿನ ಓದುಗರು ಆ ಬೆಂಗಳೂರನ್ನು ಕಲ್ಪಿಸಿಕೊಳ್ಳಲು ತುಸು ಶ್ರಮಪಡಬೇಕು. ಜಯನಗರಕ್ಕೆ ಅಸ್ತಿಭಾರ ಬಿದ್ದದ್ದು 1948ರಲ್ಲಿ. ಜೆ.ಪಿ. ನಗರ, ಬಿಟಿಎಂ ಬಡಾವಣೆಗಳು ಇನ್ನೂ ಎಷ್ಟೋ ವರ್ಷ ಹಳ್ಳಿ, ಕೆರೆ, ತೋಟಗಳಾಗಿಯೇ ಇದ್ದವು. ಬನ್ನೇರುಘಟ್ಟದ ಕಡೆಯಿಂದ ಶುರುವಾಗುವ ಕುರುಚಲು ಕಾಡು ಆನೇಕಲ್ ದಾಟಿ, ತಳಿ, ಜವಳಗಿರಿ, ದೆಂಕಣಿಕೋಟೆ, ಅಂಚೆಟ್ಟಿಗಳ ಮೂಲಕ ಕಾವೇರಿಯ ಕಡೆಗೆ ಇಳಿಯುತ್ತದೆ. ಭಾಷಾವಾರು ವಿಂಗಡಣೆಯಲ್ಲಿ ಇದರ ಬಹುಭಾಗ ತಮಿಳುನಾಡಿಗೆ ಸೇರಿದರೂ ಆ ಹಳ್ಳಿಗಳಲ್ಲಿ ಕನ್ನಡ, ತೆಲುಗು ಮಾತು ಇಂದಿಗೂ ಕೇಳುತ್ತದೆ. ಆಂಡರ್ಸನ್ ಅವರ ಮೊದಲ ಪುಸ್ತಕ 1954ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದಾಗ ಅದರ ಮೊದಲ ಅಧ್ಯಾಯವೇ ಜವಳಗಿರಿಯದು, ಎರಡನೆಯದು ಗುಮ್ಮಳಾಪುರದ್ದು. ಎರಡೂ ನಮ್ಮ ದಕ್ಷಿಣ ಬಡಾವಣೆಗಳಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಊರುಗಳು.

ಇನ್ನು ಬಂದೂಕಿನ ವಿಷಯ. ಆಂಡರ್ಸನ್ ಹೆಸರಿನೊಂದಿಗೆ ಬೇರ್ಪಡಿಸಲಾಗದಂತೆ ಅಂಟಿಕೊಂಡಿರುವುದು .405 ಬೋರಿನ ವಿಂಚೆಸ್ಟರ್ ರೈಫಲ್, 1895ರ ಮಾದರಿ. ಅಮೆರಿಕದ ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ಈ ಕೋವಿಯಲ್ಲಿ ಟ್ರಿಗರ್ ಕೆಳಗಿನ ಸನ್ನೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಖಾಲಿ ತೋಟಾ ಹೊರಬಿದ್ದು ಹೊಸದು ನಳಿಗೆ ಸೇರುತ್ತದೆ. .405 ತೋಟಾ ಬಂದದ್ದು 1904ರಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರ ಆಫ್ರಿಕಾ ಯಾತ್ರೆಗೆ ಇದನ್ನೇ ಒಯ್ದು ಹೆಸರು ತಂದುಕೊಟ್ಟರು. 300 ಗ್ರೇನ್, ಎಂದರೆ 19 ಗ್ರಾಂ ಮೀರಿದ ಗುಂಡು. ನಳಿಗೆಯ ಬಾಯಿಯಲ್ಲಿ 4000 ಜೂಲ್ ದಾಟುವ ಶಕ್ತಿ. ಹಿಂದೊದೆತವೂ ಅಷ್ಟೇ ಬಲವಾದದ್ದು.

ಆ ಕಾಲದ ಸಿರಿವಂತ ಬೇಟೆಗಾರರು ಮೆಚ್ಚುತ್ತಿದ್ದುದು ಇಂಗ್ಲೆಂಡಿನ ಜೋಡುನಳಿಗೆ ರೈಫಲ್‌ಗಳನ್ನು. ಅವುಗಳ ಮುಂದೆ ವಿಂಚೆಸ್ಟರ್ ಒಂದು ಸಾಧಾರಣ ಸಾಮಾನು. ಆದರೂ ಆಂಡರ್ಸನ್ ಅದನ್ನು ಬಿಡಲಿಲ್ಲ. ವರ್ಷಗಟ್ಟಲೆ ಒಂದೇ ರೈಫಲ್ ಹಿಡಿದ ಕೈಗೆ ಅದರ ತೂಕ, ಟ್ರಿಗರ್ ಎಲ್ಲಿ ಬಿಗಿಯಾಗಿ ಎಲ್ಲಿ ಸಡಿಲುತ್ತದೆ ಎಂಬ ಸೂಕ್ಷ್ಮ, ಕತ್ತಲಲ್ಲಿ ಸನ್ನೆ ಎಳೆಯುವಾಗಿನ ಸದ್ದು, ಎಲ್ಲವೂ ದೇಹಕ್ಕೆ ತಿಳಿದಿರುತ್ತದೆ. ನಳಿಗೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಒಂದೆರಡು ಕ್ಷಣ ಮಾತ್ರ ಕಾಣುವ ಪ್ರಾಣಿಗೆ ಗುರಿಯಿಡುವವನಿಗೆ ಈ ಪರಿಚಯವೇ ಬಂಡವಾಳ. ಬಂದೂಕು ಬದಲಾಯಿಸುತ್ತ ಹೋದವನಿಗೆ ಅದು ದಕ್ಕುವುದಿಲ್ಲ.

ಅವರ ಗುರುಗಳಲ್ಲಿ ಮುಖ್ಯನಾದವನ ಬಳಿ ಇದ್ದದ್ದು ಇನ್ನೂ ಕಳಪೆಯ ಆಯುಧ. ಚಿನ್ನಾರ್ ಹೊಳೆಯ ದಂಡೆಯ ಮುತ್ತೂರು ಕಾಡಿನಲ್ಲಿದ್ದ ಬೈರ ಎಂಬ ಪೂಜಾರಿ ಜನಾಂಗದವನು ಹಳೆಯ ನಾಡಬಂದೂಕು ಹಿಡಿದು ಕದ್ದು ಬೇಟೆಯಾಡುತ್ತಿದ್ದ. ಸರ್ಕಾರದ ಕಣ್ಣಿನಲ್ಲಿ ಅಪರಾಧಿ. ಆಂಡರ್ಸನ್ ಪಾಲಿಗೆ ಜೀವದ ಗೆಳೆಯ. ಒಣ ಎಲೆಯ ಮೇಲೆ ಹೆಜ್ಜೆಯಿಡುವ ಬಗೆ, ಜಿಂಕೆ, ಮುಸುವಗಳ ಎಚ್ಚರಿಕೆಯ ಕೂಗಿನ ಅರ್ಥ, ಹೆಜ್ಜೆಗುರುತು ಎಷ್ಟು ಹೊತ್ತಿನದೆಂಬ ಅಂದಾಜು, ಗಂಟೆಗಟ್ಟಲೆ ಅಲುಗಾಡದೆ ಕೂರುವ ಸಂಯಮ, ಇವನ್ನೆಲ್ಲ ಅವರು ಕಲಿತದ್ದು ಬೈರನಂಥವರಿಂದ. ನಾಡಬಂದೂಕು ಒಂದೇ ಗುಂಡಿನದು. ಮತ್ತೆ ಮದ್ದು ತುಂಬಿ ಗಜದಿಂದ ಬಡಿಯುವಷ್ಟರಲ್ಲಿ ಪ್ರಾಣಿ ಮೈಲಿ ದಾಟಿರುತ್ತದೆ. ಹಾಗಾಗಿ ಅದನ್ನು ಹಿಡಿದವನಿಗೆ ಕಾಯುವುದು ಅನಿವಾರ್ಯ.

ಕಾಯಲು ಬಾರದವರ ಕೈಗೆ ಅದೇ ನಾಡಬಂದೂಕು ಸಿಕ್ಕಾಗ ಏನಾಗುತ್ತದೆ? ಆಂಡರ್ಸನ್ ಕಥೆಗಳಲ್ಲಿ ಇದಕ್ಕೆ ಮತ್ತೆ ಮತ್ತೆ ಉತ್ತರ ಸಿಗುತ್ತದೆ. ಹೊಲ ಕಾಯುವ ರೈತ ಕತ್ತಲಲ್ಲಿ ಹಾರಿಸಿದ ಚರೆ ಹುಲಿಯ ಕಾಲಿಗೋ ದವಡೆಗೋ ತಗಲುತ್ತದೆ. ಪೇಟೆಯಿಂದ ಬಂದ ಹವ್ಯಾಸಿ ಗಾಯಗೊಳಿಸಿ, ಹುಡುಕುವ ಧೈರ್ಯವಿಲ್ಲದೆ ಊರಿಗೆ ಮರಳುತ್ತಾನೆ. ಗಾಯ ಕೀತು, ಮೂಳೆ ವಕ್ರವಾಗಿ ಕೂಡಿಕೊಂಡು, ಜಿಂಕೆ ಹಿಡಿಯಲಾರದ ಪ್ರಾಣಿ ಮೊದಲು ದನಕ್ಕೂ ಆಮೇಲೆ ದನಗಾಹಿಗೂ ಕೈಹಾಕುತ್ತದೆ. ನರಭಕ್ಷಕನನ್ನು ಕೊಂದ ಬಳಿಕ ಅದರ ಮೈಯಲ್ಲಿ ಹಳೆಯ ಗಾಯ ಹುಡುಕುವುದು ಆಂಡರ್ಸನ್ ಅವರ ರೂಢಿಯೇ ಆಗಿತ್ತು. ಎಲ್ಲ ಸಲವೂ ತಪ್ಪು ಮನುಷ್ಯನದೇ ಎಂದಲ್ಲ. 42 ಮಂದಿಯನ್ನು ಬಲಿ ತೆಗೆದುಕೊಂಡಿತೆಂದು ಅವರು ದಾಖಲಿಸಿರುವ ಗುಮ್ಮಳಾಪುರದ ಚಿರತೆಯ ಪಾದದಲ್ಲಿ ಸಿಕ್ಕಿದ್ದು ಮುಳ್ಳುಹಂದಿಯ ಮುಳ್ಳು.

ಅನಗತ್ಯ ಗುಂಡಿನ ಇನ್ನೊಂದು ಕಥೆ ನಮ್ಮ ಲಕ್ಷಾಂತರ ವಿದ್ಯಾರ್ಥಿಗಳಿಗೆ ಗೊತ್ತು. ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಅದು ಅನೇಕ ವರ್ಷ ಪಾಠವಾಗಿತ್ತು. ಮೈಸೂರಿನ ಬಳಿ ಕಬ್ಬಿನ ಗದ್ದೆಗೆ ನುಗ್ಗಿದ್ದ ಕಾಡುಹಂದಿಗಳನ್ನು ಜನ ಗುಂಡು ಹಾರಿಸಿ ಓಡಿಸುತ್ತಿದ್ದಾಗ, ಬಿಸಿಲಿಗೆ ಏದುಸಿರು ಬಿಡುತ್ತ ಕರಡಿಯೊಂದು ಹೊರಬಂತು. ಸುಮ್ಮನೆ ಕರಡಿಗೆ ಹೊಡೆಯುವುದು ಆಂಡರ್ಸನ್ ಅವರಿಗೆ ಒಗ್ಗದ ಮಾತು. ಜೊತೆಗಿದ್ದವರೊಬ್ಬರಿಗೆ ಆ ಅಳುಕಿರಲಿಲ್ಲ, ನಿಂತಲ್ಲೇ ಹೊಡೆದುಬಿಟ್ಟರು. ಬಿದ್ದ ತಾಯಿಯ ಬೆನ್ನಿಗೆ ಅಂಟಿಕೊಂಡಿದ್ದ ಮರಿ ಅಳುತ್ತ ಅದರ ಸುತ್ತ ಓಡಾಡಿತು. ಅದನ್ನು ಹಿಡಿದು ಚೀಲಕ್ಕೆ ಹಾಕಿ, ಬೆಂಗಳೂರಿಗೆ ತಂದು ಆಂಡರ್ಸನ್ ಹೆಂಡತಿಯ ಕೈಗಿತ್ತರು. ಅದೇ ಬ್ರೂನೋ.

ಬ್ರೂನೋ ಆ ಮನೆಯಲ್ಲಿ ಕಂಡದ್ದನ್ನೆಲ್ಲ ತಿಂದ. ಇಲಿಗೆಂದು ಇಟ್ಟ ಬೇರಿಯಂ ಕಾರ್ಬೊನೇಟ್ ತಿಂದು ಕೈಕಾಲು ಸೋತು ಬಿದ್ದವನನ್ನು ಪಶುವೈದ್ಯರಲ್ಲಿಗೆ ಕಾರಿನಲ್ಲಿ ಒಯ್ದು ಬದುಕಿಸಿದರು. ಇನ್ನೊಮ್ಮೆ ಗೆದ್ದಲಿಗೆಂದು ತೆಗೆದಿಟ್ಟಿದ್ದ ಕಾರಿನ ಹಳೆಯ ಎಂಜಿನ್ ಎಣ್ಣೆಯನ್ನು ಗ್ಯಾಲನ್ ಹತ್ತಿರ ಕುಡಿದೂ ಏನೂ ಆಗದೆ ಉಳಿದ. ಹೆಸರು ಬ್ರೂನೋ ಹೋಗಿ ಬಾಬಾ ಆಯಿತು. ಬೆಳೆದು ದೊಡ್ಡದಾದ ಮೇಲೆ ಮೈಸೂರು ಮೃಗಾಲಯಕ್ಕೆ ಕಳುಹಿಸಿದರೆ ಅಲ್ಲಿ ಕರಡಿಯೂ ಸೊರಗಿತು, ಇಲ್ಲಿ ಗೃಹಿಣಿಯೂ ಸೊರಗಿದರು. ಮೂರು ತಿಂಗಳ ನಂತರ ನೋಡಲು ಹೋದಾಗ ದೂರದಿಂದಲೇ ಗುರುತು ಹಿಡಿದು ಕೂಗಿದ ಪ್ರಾಣಿಯನ್ನು ಅಧಿಕಾರಿಗಳ ಒಪ್ಪಿಗೆ ಪಡೆದು ವಾಪಸು ತಂದರು. ಮನೆಯ ಅಂಗಳದಲ್ಲಿ 20 ಅಡಿ ಉದ್ದ 15 ಅಡಿ ಅಗಲದ ಒಂದು ದ್ವೀಪ, ಸುತ್ತ ನೀರಿಲ್ಲದ ಕಂದಕ. ಮಾವಿನ ಕೊಂಬೆಗೆ ಹಗ್ಗ ಕಟ್ಟಿ, ಆ ತಾಯಿ ಕಂದಕದ ಮೇಲೆ ಜೀಕಿ ಕರಡಿಯ ಬಳಿಗೆ ಹೋಗುತ್ತಿದ್ದರು. ಒಂದು ಗುಂಡು ಯಾಕೆ ಹಾರಿತು ಎಂಬ ಪ್ರಶ್ನೆಯನ್ನು ಪಾಠ ಮಾಡುವಾಗ ಎಷ್ಟು ಶಿಕ್ಷಕರು ಕೇಳಿದರೋ.

ಬೇಟೆಯ ಹುಚ್ಚು ಹಿಡಿದ ಹೊಸಬರನ್ನು ಸುಲಿಯುವ ಕಸುಬೂ ಆಗ ಬೆಂಗಳೂರಿನಲ್ಲಿತ್ತು. ಆಂಡರ್ಸನ್ ಚಿತ್ರಿಸಿರುವ ಮುನುಸ್ವಾಮಿ ಇದಕ್ಕೆ ನಿದರ್ಶನ. ಹುಲಿ ತೋರಿಸುತ್ತೇನೆ, ಚಿರತೆ ತೋರಿಸುತ್ತೇನೆ ಎಂದು ಮುಂಗಡ ಪಡೆದು ಮಂಗಮಾಯವಾಗುತ್ತಿದ್ದ ಈ ಗೈಡನನ್ನು ಪೂರ್ಣಚಂದ್ರ ತೇಜಸ್ವಿಯವರು ಮುನಿಶಾಮಿಯಾಗಿ ಕನ್ನಡಕ್ಕೆ ತಂದರು. ಬೆಲೆಬಾಳುವ ಬಂದೂಕು ಕೊಂಡು, ಅದನ್ನು ಹಿಡಿಯಲು ಕಲಿಯುವ ಮೊದಲೇ ಕಾಡಿಗೆ ಧಾವಿಸುವವರು ಇರುವವರೆಗೆ ಮುನಿಶಾಮಿಯ ಹೊಟ್ಟೆಪಾಡಿಗೆ ಚಿಂತೆಯಿರಲಿಲ್ಲ.

ಈಗ ಪಾಲಕರ ಪ್ರಶ್ನೆಗೆ ಬರೋಣ. ಏರ್ ರೈಫಲ್ ಕೊಳ್ಳುವಾಗಲೂ ಮುನಿಶಾಮಿಯ ವಂಶಸ್ಥರು ಎದುರಾಗುವುದುಂಟು: ಅತಿ ಹೆಚ್ಚು ವೇಗ, ಅತಿ ದೊಡ್ಡ ದುರ್ಬೀನು, ಅತಿ ಗಟ್ಟಿ ಸದ್ದು. 10 ಮೀಟರ್ ಕ್ರೀಡೆಗೆ ಇವು ಯಾವುವೂ ಬೇಡ. ಅಲ್ಲಿ ಬಳಸುವ 4.5 ಮಿ.ಮೀ. ಚರೆಯ ಶಕ್ತಿ ಸಾಮಾನ್ಯವಾಗಿ 7ರಿಂದ 8 ಜೂಲ್ ಮಾತ್ರ. ಆಂಡರ್ಸನ್ ವಿಂಚೆಸ್ಟರಿನ ಐನೂರನೇ ಒಂದು ಪಾಲು. ಗುರಿಹಲಗೆಯ ನಡುವಿನ 10 ಅಂಕದ ಚುಕ್ಕೆಯ ವ್ಯಾಸವಾದರೋ ಅರ್ಧ ಮಿಲಿಮೀಟರ್. ಅಲ್ಲಿಗೆ ತಲುಪಿಸುವುದು ಬಲವಲ್ಲ, ಕದಲದ ಮೈ.

ಆದ್ದರಿಂದ ಮೊದಲು ನೋಡಬೇಕಾದದ್ದು ಮಗುವಿನ ದೇಹಕ್ಕೆ ಹೊಂದುವ ಅಳತೆ. ಅಂತರರಾಷ್ಟ್ರೀಯ ನಿಯಮ 5.5 ಕಿಲೋವರೆಗಿನ ರೈಫಲ್‌ಗೆ ಅವಕಾಶ ಕೊಡುತ್ತದೆ, ಆದರೆ ಹನ್ನೆರಡು ವರ್ಷದ ಮಗುವಿನ ಬೆನ್ನಿಗೆ ಅದು ಭಾರ. ಹಿಡಿಯ ಉದ್ದ ಹೆಚ್ಚಾದರೆ ಮಗು ಹಿಂದಕ್ಕೆ ವಾಲಿ ನಿಲ್ಲುವ ಕೆಟ್ಟ ಅಭ್ಯಾಸ ಬೆಳೆಯುತ್ತದೆ. ಹಿಡಿಯ ಉದ್ದವನ್ನೂ ಕೆನ್ನೆಪಟ್ಟಿಯ ಎತ್ತರವನ್ನೂ ಹೊಂದಿಸಲು ಬರುವ ರೈಫಲ್ ಆದರೆ ಮಗು ಬೆಳೆದಂತೆ ಅದೂ ಬೆಳೆಯುತ್ತದೆ. ಎಡಗೈಯವರಿಗೆ ಎಡಗೈ ಹಿಡಿ. ಗುರಿಗಣ್ಣು ಯಾವುದೆಂದೂ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಸ್ಪ್ರಿಂಗ್ ರೈಫಲ್ಲೋ, ಸಿಲಿಂಡರಿನಲ್ಲಿ ಗಾಳಿ ತುಂಬಿದ ಪಿಸಿಪಿ ರೈಫಲ್ಲೋ ಎಂಬುದು ಮುಂದಿನ ಮಾತು. ಸ್ಪ್ರಿಂಗಿನದು ಅಗ್ಗ, ಬೇರಾವ ಸಲಕರಣೆಯೂ ಬೇಡ. ಆದರೆ ಚರೆ ನಳಿಗೆ ಬಿಡುವ ಮೊದಲೇ ಒಳಗಿನ ಪಿಸ್ಟನ್ ಮುನ್ನುಗ್ಗಿ ರೈಫಲ್ಲನ್ನು ಅಲುಗಿಸುತ್ತದೆ. ಹಿಡಿತ ಕೊಂಚ ಬದಲಾದರೂ ಗುರಿ ಬದಲಾಗುತ್ತದೆ. ಪಿಸಿಪಿಯಲ್ಲಿ ಆ ಕುಲುಕಾಟ ಇಲ್ಲವೆನ್ನುವಷ್ಟು ಕಡಿಮೆ. ಬೆಲೆ ಮಾತ್ರ ಹಲವು ಪಟ್ಟು ಹೆಚ್ಚು, ಜೊತೆಗೆ ಗಾಳಿ ತುಂಬುವ ಪಂಪು ಅಥವಾ ದೊಡ್ಡ ಸಿಲಿಂಡರು ಬೇಕು. ಸ್ಪರ್ಧೆಯ ಹಾದಿ ಹಿಡಿಯುವ ಮಗುವಿಗೆ ಕೊನೆಗೆ ಪಿಸಿಪಿಯೇ ಗತಿ. ಆ ಮಗು ಹಾದಿ ಹಿಡಿಯುವುದೋ ಇಲ್ಲವೋ ತಿಳಿಯುವ ತನಕ ಕ್ಲಬ್ಬಿನ ರೈಫಲ್ಲಿನಲ್ಲೇ ಕೆಲವು ತಿಂಗಳು ಕಲಿಯಲಿ ಎಂಬುದು ಈ ಲೇಖಕನ ಅಭಿಪ್ರಾಯ. ಕೊಳ್ಳುವ ಹಣಕ್ಕಿಂತ ತರಬೇತುದಾರರ ಕಣ್ಣೆದುರಿನ ಆ ತಿಂಗಳುಗಳು ಬೆಲೆಬಾಳುತ್ತವೆ. ಒಮ್ಮೆ ಕೊಂಡ ಮೇಲೆ ಆರು ತಿಂಗಳಿಗೊಮ್ಮೆ ಬದಲಾಯಿಸುವ ಚಪಲ ಬೇಡ.

ಕಾನೂನನ್ನೂ ಮರೆಯುವಂತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಪರವಾನಗಿ ಬೇಡವೆಂದರೆ ಅಪಾಯವಿಲ್ಲವೆಂದಲ್ಲ. ತಪ್ಪಿದ ಚರೆ ಜೆ.ಪಿ. ನಗರದ ತಾರಸಿಯಿಂದ ಪಕ್ಕದ ಬೀದಿಯವರೆಗೂ ಹೋಗಬಲ್ಲದು, ಒಂದು ಕಣ್ಣು ಕಳೆಯಲು ಸಾಕಷ್ಟು ಶಕ್ತಿ ಅದಕ್ಕಿದೆ. ಪಾರಿವಾಳ, ಗಿಳಿ, ಅಳಿಲುಗಳತ್ತ ನಳಿಗೆ ತಿರುಗಲೇಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ವಿಷಯದಲ್ಲಿ ಆಟಿಕೆಯ ಬಂದೂಕೆಂದು ವಿನಾಯಿತಿ ಕೊಡುವುದಿಲ್ಲ.

ಆ ಕಾಯಿದೆ ಬರುವ ಹೊತ್ತಿಗೆ ಆಂಡರ್ಸನ್ ಅವರ ಕಡೆಯ ದಿನಗಳು ಸಮೀಪಿಸಿದ್ದವು. 1939ರಿಂದ 1966ರವರೆಗಿನ ಸರ್ಕಾರಿ ದಾಖಲೆಗಳಂತೆ ಅವರು ಕೊಂದ ನರಭಕ್ಷಕಗಳು 8 ಚಿರತೆ, 7 ಹುಲಿ. ದಾಖಲೆಯಾಚೆಗಿನ ಸಂಖ್ಯೆ ಹೆಚ್ಚೆಂಬ ಮಾತಿದೆ. ಹೊಸದುರ್ಗ–ಹೊಳಲ್ಕೆರೆ, ಯೆಮ್ಮೆದೊಡ್ಡಿ, ತ್ಯಾಗರ್ತಿ, ದೇವರಾಯನದುರ್ಗ, ಮಾಗಡಿ, ಜಾಲಹಳ್ಳಿ ಹೀಗೆ ನಮ್ಮ ನಾಡಿನ ಎಷ್ಟೋ ಊರುಗಳು ಅವರ ಬರಹದ ಮೂಲಕ ಇಂಗ್ಲಿಷ್ ಓದುಗರನ್ನು ತಲುಪಿದವು. ಕಾಡು ಬರಿದಾಗುತ್ತಿರುವುದನ್ನು ಕಣ್ಣಾರೆ ಕಂಡ ಅವರು ಇಳಿವಯಸ್ಸಿನಲ್ಲಿ ಬಂದೂಕಿಗಿಂತ ಕ್ಯಾಮೆರಾ ಮೇಲೆಂದು ನಂಬಿದರು. ತಾವೂ ಬೇಟೆಯಾಡಿದವರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಅವರ ಪೀಳಿಗೆಯ ಬೇಟೆಗಾರರು ಕಾಡಿಗೆ ಮಾಡಿದ ನಷ್ಟದಲ್ಲಿ ಅವರಿಗೂ ಪಾಲಿದೆ. ಆದರೆ ಆ ನಷ್ಟ ಹೇಗಾಯಿತೆಂದು ಬರೆದಿಟ್ಟವರೂ ಅವರೇ.

1973ರಲ್ಲಿ ಹುಲಿ ಯೋಜನೆ ಆರಂಭವಾಯಿತು, ಬಂಡೀಪುರ ಅದರ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. 1974ರಲ್ಲಿ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವೆನಿಸಿತು. ಅದೇ ವರ್ಷ ಆಗಸ್ಟ್ 30ರಂದು, 64ನೆಯ ವಯಸ್ಸಿನಲ್ಲಿ, ಆಂಡರ್ಸನ್ ಕ್ಯಾನ್ಸರಿನಿಂದ ಬೆಂಗಳೂರಿನಲ್ಲಿ ತೀರಿಕೊಂಡರು. ಕಾಡಿನ ನೆನಪುಗಳ ಕೊನೆಯ ಪುಸ್ತಕ ಹೊರಬಂದದ್ದು 1976ರಲ್ಲಿ. ತಂದೆಯಂತೆಯೇ ಕಾಡು ಸುತ್ತಿದ ಮಗ ಡೊನಾಲ್ಡ್ 2014ರವರೆಗೂ ಈ ನಗರದಲ್ಲಿ ಬದುಕಿದ್ದರು. ತೇಜಸ್ವಿಯವರ ‘ಕಾಡಿನ ಕಥೆಗಳು’ ಮಾಲಿಕೆಯ ನಾಲ್ಕು ಪುಸ್ತಕಗಳಲ್ಲಿ ಬೆಳ್ಳಂದೂರಿನ ನರಭಕ್ಷಕನೂ ಜಾಲಹಳ್ಳಿಯ ಕುರ್ಕನೂ ಕನ್ನಡದವೇ ಆಗಿಹೋದವು. ಆಂಡರ್ಸನ್ ಅವರ ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ. ಅದೇ ರಸ್ತೆ ಬಿಟಿಎಂ ಬಡಾವಣೆಯ ಮಗ್ಗುಲಲ್ಲೇ ಹಾದು ಹೊಸೂರಿನತ್ತ ಸಾಗುತ್ತದೆ, ಅಲ್ಲಿಂದ ಮುಂದೆ ದೆಂಕಣಿಕೋಟೆಯ ದಾರಿ.